ಪ್ರೆಸ್ಕಾಟನಿಗಿಂತ ಕೆಟ್ಟ ಮ್ಯಾನೇಜರು

ಸನ್ನಿವೇಲ್‌ನಲ್ಲಿ ನಮ್ಮ ಪಕ್ಕದ ಮನೆಯ ರಘೋತ್ತಮರನ್ನು ನಾನು ಇಪ್ಪತ್ತೆರಡು ವರ್ಷದಿಂದ ಬಲ್ಲೆ. ಅವರು ದ್ವೇಷಿಸುವುದು ಒಬ್ಬನೇ ಒಬ್ಬ ಮನುಷ್ಯನನ್ನು. ಇಂಥವರೊಬ್ಬರು ಭೂಮಿಯ ಮೇಲಿದ್ದಾರೆ ಎಂಬುದೇ ಆ ಮನುಷ್ಯನಿಗೆ ಗೊತ್ತಿಲ್ಲ. ಅವನ ಹೆಸರು ಬಡ್ ಪ್ರೆಸ್ಕಾಟ್. ಬೇ ಹೆರಾನ್ಸ್ ಎಂಬ ಐಸ್ ಹಾಕಿ ತಂಡಕ್ಕೆ ಅವನು ಜನರಲ್ ಮ್ಯಾನೇಜರು. ನಮ್ಮಲ್ಲಿ ಯಾರನ್ನು ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಅವರಲ್ಲಿ ಯಾರನ್ನು ತರಬೇಕು, ಕರಾರು ಮುಗಿದು ಖಾಲಿ ಕೂತಿರುವ ಆಟಗಾರರಲ್ಲಿ ಯಾರಿಗೆ ಗಾಳ ಹಾಕಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಅವನು ಮಾಡಿದ್ದೆಲ್ಲ ಎಷ್ಟು ತಪ್ಪು ಎಂದು ತೀರ್ಪು ಕೊಡುವುದು ರಘೋತ್ತಮರ ಕೆಲಸ. ಈ ಕೆಲಸವನ್ನು ಅವರಿಗೆ ಯಾರೂ ವಹಿಸಿರಲಿಲ್ಲ.

ಮೈಸೂರಿನ ರಘೋತ್ತಮರಿಗೆ ಐಸ್ ಗೊತ್ತಿದ್ದದ್ದು ಕಬ್ಬಿನ ಹಾಲಿನ ಅಂಗಡಿಯಲ್ಲಿ. ಇಲ್ಲಿಗೆ ಬಂದ ಹೊಸದರಲ್ಲಿ ರೂಮಿನಲ್ಲಿದ್ದವನು ಒಂದು ಮ್ಯಾಚಿಗೆ ಎಳೆದುಕೊಂಡು ಹೋದ. ಅಂದು ಹಿಡಿದ ಹುಚ್ಚು ಮೂವತ್ತು ವರ್ಷವಾದರೂ ಬಿಟ್ಟಿಲ್ಲ. ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಯಲ್ಲಿ ಇವರ ಉದ್ಯೋಗ ಒಂದೇ ಆಗಿತ್ತು: ಕೆಟ್ಟುಹೋದ ಚಿಪ್ಪು ಯಾಕೆ ಕೆಟ್ಟಿತು ಎಂದು ಪತ್ತೆಮಾಡಿ ವರದಿ ಬರೆಯುವುದು. ನಿವೃತ್ತರಾದ ಮೇಲೆ ಚಿಪ್ಪು ಸಿಗದೆ ಪ್ರೆಸ್ಕಾಟನನ್ನು ಹಿಡಿದುಕೊಂಡರು.

ಪ್ರತಿ ಬೇಸಿಗೆಯಲ್ಲಿ ಒಂದು ಶನಿವಾರ ಅವರ ಗ್ಯಾರೇಜಿನಲ್ಲಿ ಸಭೆ. ಕಾರು ಹೊರಗೆ, ಮಡಚುವ ಕುರ್ಚಿಗಳು ಒಳಗೆ, ಗೋಡೆಗೆ ಬಿಳಿ ಹಲಗೆ. ಅವರ ಹೆಂಡತಿ ರಮಾ ಕಾಫಿಯನ್ನೂ ಕೋಡುಬಳೆಯನ್ನೂ ಇಟ್ಟು, ಗ್ಯಾರೇಜಿನ ಬಾಗಿಲು ಎಳೆದುಕೊಂಡು ಒಳಗೆ ಹೋಗಿಬಿಡುತ್ತಾರೆ. ಆಮೇಲೆ ಆ ವರ್ಷ ಪ್ರೆಸ್ಕಾಟ್ ಮಾಡಿದ ಹತ್ತು ಘೋರ ತಪ್ಪುಗಳು ಹಲಗೆಯ ಮೇಲೆ ಬರುತ್ತವೆ. ಒಂದೊಂದಕ್ಕೂ ಲಕ್ಷಣ, ಮೂಲ ಕಾರಣ, ಪರಿಹಾರ. ಮೂವತ್ತಾರು ವರ್ಷದ, ಸೊಂಟ ಹಿಡಿದ ಆಟಗಾರನಿಗೆ ಏಳು ವರ್ಷದ ಕರಾರು. ಓಡುವ ಕುದುರೆಯಂಥ ಹುಡುಗನನ್ನು ಕೊಟ್ಟು, ತಂದದ್ದು ಆಸ್ಪತ್ರೆಯಲ್ಲಿದ್ದವನನ್ನು. ಎಲ್ಲಕ್ಕಿಂತ ಮೇಲೆ, ತನ್ನ ಷಡ್ಡಕನ ಮಗನನ್ನು ತಂಡಕ್ಕೆ ಸೇರಿಸಿಕೊಂಡದ್ದು. ಮೂಲ ಕಾರಣ ಎಂಬಲ್ಲಿ ಪ್ರತಿಸಲವೂ ಪ್ರೆಸ್ಕಾಟ್ ಎಂದೇ ಇರುತ್ತಿತ್ತು.

"ಸಂಬಂಧ ನೋಡಿ ಆಯ್ಕೆ ಮಾಡೋನು ಮ್ಯಾನೇಜರೇ ಅಲ್ಲ ಸ್ವಾಮಿ. ಮದುವೆ ಬ್ರೋಕರು," ಎನ್ನುತ್ತಿದ್ದರು.

ನಾನು ಧಾರವಾಡದವನು, ಹೆಸರು ಶಿವರುದ್ರಪ್ಪ. ನನಗೆ ಹಾಕಿಯ ಗಂಧವಿಲ್ಲ. ಕೋಡುಬಳೆಯ ಆಸೆಗೆ ಹೋಗಿ ತಲೆಯಾಡಿಸುತ್ತಿದ್ದೆ. ಹಾಗೆ ಆಡಿಸಿದ ತಪ್ಪಿಗೇ ಮುಂದಿನದೆಲ್ಲ ನನ್ನ ಕುತ್ತಿಗೆಗೆ ಬಂತು.

ಕಳೆದ ಅಕ್ಟೋಬರಿನಲ್ಲಿ ನಮ್ಮ ಕಡೆಯ ಐಸ್ ರಿಂಕಿನವರು ಹವ್ಯಾಸಿಗಳ ಲೀಗು ಶುರುಮಾಡಿದರು. ಎಂಟು ತಂಡ, ಎಂಟು ಮ್ಯಾನೇಜರು. ಹೆಸರು ಕೊಟ್ಟ ಆಟಗಾರರನ್ನೆಲ್ಲ ಒಂದು ಸಂಜೆ ಕೂತು ಸರದಿಯ ಮೇಲೆ ಆರಿಸಿಕೊಳ್ಳಬೇಕು. ಬೇಕಾದರೆ ಆಮೇಲೆ ತಂಡತಂಡಗಳ ನಡುವೆ ಅದಲುಬದಲು ಮಾಡಿಕೊಳ್ಳಬಹುದು, ಅದಕ್ಕೂ ಒಂದು ಗಡುವು. ಮ್ಯಾನೇಜರಿಗೆ ಸ್ಕೇಟಿಂಗ್ ಬರಬೇಕೆಂದಿಲ್ಲ. ರಘೋತ್ತಮರು ಮೊದಲ ದಿನವೇ ಹೆಸರು ಕೊಟ್ಟರು. ಸಹಾಯಕ ಎಂಬಲ್ಲಿ ನನ್ನ ಹೆಸರು ಬರೆದರು, ನನ್ನನ್ನು ಕೇಳದೆ.

ಅವರ ಒಬ್ಬಳೇ ಮಗಳು ಸಂಯುಕ್ತಾ ಆ ಲೀಗಿನಲ್ಲಿ ಗೋಲ್‌ಕೀಪರು. ಇಪ್ಪತ್ತೇಳು ವರ್ಷ, ಫಾಸ್ಟರ್ ಸಿಟಿಯ ಬಯೋಟೆಕ್ ಕಂಪನಿಯಲ್ಲಿ ಕೆಲಸ. ಅಪ್ಪನ ಹೆಗಲ ಮೇಲೆ ಕೂತು ಮ್ಯಾಚು ನೋಡಿ ಬೆಳೆದವಳು. ಒಳ್ಳೆಯ ಗೋಲ್‌ಕೀಪರೆಂದು ಎಲ್ಲರಿಗೂ ಗೊತ್ತು. ಚೀಟಿ ಎತ್ತಿದಾಗ ಮೊದಲ ಆಯ್ಕೆ ರಘೋತ್ತಮರಿಗೇ ಬಂತು. ರಿಂಕಿನ ಪಕ್ಕದ ಪಿಜ್ಜಾ ಅಂಗಡಿಯಲ್ಲಿ ಕೂತ ಎಲ್ಲರೂ ಅವಳ ಕಡೆ ನೋಡಿ ನಕ್ಕರು. ಅವಳೂ ನಕ್ಕಳು.

ರಘೋತ್ತಮರು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಕಿರಣಕುಮಾರ," ಎಂದರು.

ಕಿರಣಕುಮಾರ ಬೆಳಗಾವಿಯವನು, ಮೌಂಟನ್ ವ್ಯೂನಲ್ಲಿ ಎಂಜಿನಿಯರು, ನಲವತ್ತಮೂರು ವರ್ಷ. ಆಟ ಚೆನ್ನಾಗಿಯೇ ಆಡುತ್ತಾನೆ, ಮಂಡಿ ಆಡಲು ಬಿಟ್ಟಾಗ. ನಾನು ರಘೋತ್ತಮರ ತೋಳು ಜಗ್ಗಿದೆ.

"ಮಗಳನ್ನ ಬಿಟ್ರೇನ್ರಿ?"

"ಮೊದಲ ಆಯ್ಕೆಗೇ ಮಗಳನ್ನ ತಗೊಂಡ್ರೆ ನನಗೂ ಪ್ರೆಸ್ಕಾಟ್‌ಗೂ ಏನ್ ವ್ಯತ್ಯಾಸ? ಮೂರನೇ ಸುತ್ತಲ್ಲಿ ತಗೋತೀನಿ. ಗೋಲ್‌ಕೀಪರನ್ನ ಯಾರೂ ಅಷ್ಟು ಬೇಗ ತಗೊಳಲ್ಲ. ಡೇಟಾ ಇದೆ ನನ್ನ ಹತ್ರ."

ಎರಡನೇ ಸುತ್ತಿನಲ್ಲಿ ಇನ್ನೊಂದು ತಂಡದ ಮ್ಯಾನೇಜರು, ಬಳ್ಳಾರಿಯ ಜಗನ್, ಅವಳನ್ನು ಆರಿಸಿಕೊಂಡ. ಅವನ ಹತ್ತಿರ ಡೇಟಾ ಇರಲಿಲ್ಲ, ಕಣ್ಣಿತ್ತು. "ಇಟ್ಸ್ ಓಕೆ ಅಪ್ಪಾ, ಗುಡ್ ಸ್ಟ್ರಾಟಜಿ," ಎಂದಳು ಸಂಯುಕ್ತಾ. ತಟ್ಟೆಯಲ್ಲಿದ್ದ ಪಿಜ್ಜಾ ಮುಟ್ಟದೆ ಎದ್ದು ಹೋಗಿ ಜಗನ್‌ನ ಮೇಜಿನಲ್ಲಿ ಕೂತಳು. ರಘೋತ್ತಮರಿಗೆ ಅದು ಕಾಣಿಸಿತೋ ಇಲ್ಲವೋ, ನನಗಂತೂ ಕಾಣಿಸಿತು.

ಆ ಸೀಸನ್ನಿನಲ್ಲಿ ರಘೋತ್ತಮರು ಮಾಡಿದ್ದನ್ನು ಬರೆಯಲು ನನಗೆ ಮರುಕವಾಗುತ್ತದೆ, ಆದರೂ ಬರೆಯುತ್ತೇನೆ. ಕಿರಣಕುಮಾರನ ಮಂಡಿ ಮೊದಲ ಮ್ಯಾಚಿನಲ್ಲೇ ಕೈಕೊಟ್ಟಿತು. ನಮ್ಮ ಗೋಲ್‌ಕೀಪರು ಒಬ್ಬ ಹಲ್ಲಿನ ಡಾಕ್ಟರು. ಪಕ್ ಎಂಬ ಆ ಕಪ್ಪು ರಬ್ಬರ್ ಬಿಲ್ಲೆ ಹತ್ತಿರ ಬಂದಾಗ ಎಲ್ಲ ಗೋಲ್‌ಕೀಪರುಗಳೂ ಕೈ ಚಾಚುತ್ತಾರೆ, ಇವರು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಸೋಮವಾರ ಬೆಳಿಗ್ಗೆ ಅದೇ ಬೆರಳನ್ನು ಜನರ ಬಾಯಿಗೆ ಹಾಕಬೇಕಲ್ಲ. ಯಾವ ತಂಡಕ್ಕೂ ಸೇರದೆ ಉಳಿದಿದ್ದ ಆರೂವರೆ ಅಡಿಯ ಒಬ್ಬ ದೈತ್ಯನನ್ನು ರಘೋತ್ತಮರು ರಿಂಕಿನ ಬಾಗಿಲಲ್ಲೇ ಮಾತಾಡಿಸಿ ಕರೆತಂದರು. ಎತ್ತರ ನೋಡಿ ಬೆರಗಾಗಿ ಬೇರೇನೂ ಕೇಳಲಿಲ್ಲ. ಅವನಿಗೆ ಸ್ಕೇಟಿಂಗ್ ಬರುತ್ತಿತ್ತು, ನಿಲ್ಲುವುದು ಬರುತ್ತಿರಲಿಲ್ಲ. ಗೋಡೆಗೆ ಹೋಗಿ ಬಡಿದಾಗ ನಿಲ್ಲುತ್ತಿದ್ದ, ನಡುವೆ ಸಿಕ್ಕವರನ್ನೂ ಕರೆದುಕೊಂಡು ಹೋಗುತ್ತಿದ್ದ, ಹೆಚ್ಚಾಗಿ ನಮ್ಮವರನ್ನೇ. ಇನ್ನೊಂದು ತಂಡಕ್ಕೆ ಚುರುಕಾದ ಇಬ್ಬರನ್ನು ಕೊಟ್ಟು ಒಬ್ಬ ಹಳೆಯ ಕಾಲೇಜು ಚಾಂಪಿಯನ್ನನನ್ನು ತಂದರು. ಅವನು ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಭಕ್ತ. ಲೀಗಿನ ಮ್ಯಾಚುಗಳೆಲ್ಲ ಭಾನುವಾರ ಬೆಳಿಗ್ಗೆ. ಅವನನ್ನು ನಾನು ಇವತ್ತಿಗೂ ನೋಡಿಲ್ಲ.

ಸಾಲಾಗಿ ಏಳು ಮ್ಯಾಚು ಸೋತೆವು. ಸಂಯುಕ್ತಾ ಇದ್ದ ಜಗನ್‌ನ ತಂಡ ಏಳರಲ್ಲಿ ಆರು ಗೆದ್ದಿತು. ಬೇಸಿಗೆಯ ಸಭೆಗೆಂದು ಪ್ರೆಸ್ಕಾಟನ ತಪ್ಪುಗಳನ್ನು ಗ್ಯಾರೇಜಿನ ಹಲಗೆಯ ಮೇಲೆ ಆಗಾಗ ಗುರುತುಹಾಕುವುದನ್ನು ರಘೋತ್ತಮರು ಸದ್ದಿಲ್ಲದೆ ನಿಲ್ಲಿಸಿದ್ದರು.

ಫೆಬ್ರವರಿಯಲ್ಲಿ ಒಂದು ಸಂಜೆ ರಮಾ ನಮ್ಮ ಮನೆಗೆ ಬಂದರು. ಕಂಪನಿಯವರು ಸಂಯುಕ್ತಾಳನ್ನು ಬಾಸ್ಟನ್ನಿಗೆ ವರ್ಗ ಮಾಡಿದ್ದಾರೆ, ಮೇ ತಿಂಗಳಲ್ಲಿ ಹೊರಡುತ್ತಾಳೆ ಎಂದರು. ಹೇಳಬೇಕಾದದ್ದು ಅದಲ್ಲ ಎಂಬುದು ಮುಖದಲ್ಲೇ ಇತ್ತು.

"ನೆನ್ನೆ ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ಏನಂದ್ಲು ಗೊತ್ತಾ? ಚಿಕ್ಕೋಳಿದ್ದಾಗಿಂದ ನನಗೆ ಒಂದೇ ಆಸೆ ಇತ್ತಪ್ಪಾ, ಒಂದು ಸಲ ನಾನೂ ನೀನೂ ಒಂದೇ ಬೆಂಚಲ್ಲಿ ಕೂರ್ಬೇಕು ಅಂತ. ಇರ್ಲಿ ಬಿಡು ಅಂದ್ಲು. ಅಷ್ಟೇ. ಇವರು ಸಾರನ್ನ ಅರ್ಧಕ್ಕೇ ಬಿಟ್ಟು ಗ್ಯಾರೇಜಿಗೆ ಹೋದರು. ಹೋಗಿ ಮಾತಾಡಿಸಿ ರುದ್ರಪ್ಪನವರೇ."

ಹೋದೆ. ಬಿಳಿ ಹಲಗೆಯನ್ನು ಒರೆಸಿ ಮೇಲೆ 'ಸಂಯುಕ್ತಾ' ಎಂದು ಬರೆದಿದ್ದರು. ಲಕ್ಷಣ ಎಂಬಲ್ಲಿ 'ಬೇರೆ ಬೆಂಚು' ಎಂದಿತ್ತು. ಮೂಲ ಕಾರಣ ಎಂಬಲ್ಲಿ ಏನೂ ಇರಲಿಲ್ಲ. ಪರಿಹಾರ ಎಂಬಲ್ಲಿ 'ಟ್ರೇಡ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಟ್ರೇಡಿಗೆ, ಎಂದರೆ ಆ ಅದಲುಬದಲಿಗೆ, ಗಡುವು ಮಾರ್ಚಿ ಆರು, ಶುಕ್ರವಾರ, ಮಧ್ಯಾಹ್ನ ಹನ್ನೆರಡು. ಜಗನ್ ಜೊತೆ ಮೂರು ವಾರ ಚೌಕಾಸಿ ನಡೆಯಿತು. ಚೌಕಾಸಿ ಎಂದರೆ ಅವನು ಕೇಳುವುದು, ಇವರು ಕೊಡುವುದು. ನಮ್ಮಲ್ಲಿ ಗೋಲು ಹೊಡೆಯಲು ಬರುತ್ತಿದ್ದ ಇಬ್ಬರೇ ಇಬ್ಬರನ್ನು ಅವನು ಕೇಳಿದ, ಇವರು ಒಪ್ಪಿದರು. ಮುಂದಿನ ವರ್ಷದ ಮೊದಲ ಆಯ್ಕೆ ಕೇಳಿದ, ಒಪ್ಪಿದರು. ಅದರ ಮುಂದಿನ ವರ್ಷದ್ದನ್ನೂ ಕೇಳಿದ. ನನಗೆ ತಡೆಯಲಾಗಲಿಲ್ಲ.

"ರಘೋತ್ತಮರ, ಇದನ್ನ ಪ್ರೆಸ್ಕಾಟ್ ಮಾಡಿದ್ರ ನೀವು ಅವನ್ನ ಬಿಡತಿದ್ರೇನ?"

"ಬಿಡ್ತಿರ್ಲಿಲ್ಲ."

"ಮತ್ತ?"

"ಪ್ರೆಸ್ಕಾಟ್‌ಗೆ ಮಗಳಿಲ್ಲ ಸ್ವಾಮಿ," ಎಂದರು.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಅವರ ಮನೆಗೆ ಹೋದೆ. ರಮಾ ದೇವಸ್ಥಾನದಲ್ಲಿ ಪ್ರಸಾದದ ಕೆಲಸಕ್ಕೆ ಹೋಗಿದ್ದರು. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು. ಲೀಗಿನ ವೆಬ್‌ಸೈಟಿನಲ್ಲಿ ಇಬ್ಬರೂ ಮ್ಯಾನೇಜರುಗಳು 'ಒಪ್ಪಿಗೆ' ಒತ್ತಿದರೆ ಟ್ರೇಡು ಆದಂತೆ. ರಘೋತ್ತಮರು ಹೆಸರುಗಳನ್ನು ತುಂಬಿದರು, ನಾಲ್ಕು ಸಲ ಓದಿದರು. ಹತ್ತೂವರೆಗೆ ಜಗನ್ ಒತ್ತಿದ. ಹತ್ತೂ ನಲವತ್ತಕ್ಕೆ ಇವರು ಒತ್ತಲು ಬೆರಳಿಟ್ಟವರು ತಲೆಯೆತ್ತಿ ಗೋಡೆಯ ಕಡೆ ನೋಡಿದರು. ಅಲ್ಲಿ ಮೈಸೂರಿನಿಂದ ಯಾರೋ ತಂದುಕೊಟ್ಟಿದ್ದ ಕ್ಯಾಲೆಂಡರು ತೂಗುತ್ತಿತ್ತು. ಶುಕ್ರವಾರ: ರಾಹುಕಾಲ ಹತ್ತೂವರೆಯಿಂದ ಹನ್ನೆರಡು.

ಬೆರಳು ಹಿಂದೆ ಬಂತು.

ಈ ಮನುಷ್ಯನಿಗೆ ರಾಹುಕಾಲದಲ್ಲಿ ನಂಬಿಕೆಯಿದ್ದದ್ದು ನಾನು ಕಂಡಿಲ್ಲ. ಮಾವನನ್ನು ರೇಗಿಸಲೆಂದೇ ಈ ಮನೆಯ ಕಾಗದಗಳಿಗೆ ರಾಹುಕಾಲದಲ್ಲಿ ಸಹಿ ಹಾಕಿದವರು. ಕಾರು ಕೊಂಡದ್ದು ಅಮಾವಾಸ್ಯೆಯ ದಿನ. ನನ್ನ ಮನೆಯ ಗೃಹಪ್ರವೇಶದ ಮುಹೂರ್ತದ ಬಗ್ಗೆ ಅವರು ಆಡಿದ ಚೇಷ್ಟೆಗೆ ನನ್ನ ಹೆಂಡತಿ ಒಂದು ತಿಂಗಳು ಅವರೊಡನೆ ಮಾತು ಬಿಟ್ಟಿದ್ದಳು.

"ಒತ್ತರಿ," ಎಂದೆ.

"ಹನ್ನೆರಡಕ್ಕೆ ಒತ್ತೀನಿ."

"ಗಡುವು ಹನ್ನೆರಡಕ್ಕ ಮುಗೀತದರಿ."

"ಹನ್ನೆರಡು ಅಂದ್ರೆ ಹನ್ನೆರಡೂ ಸೇರಿತು. ನೋಡಿ, ಈ ಸೈಟಲ್ಲಿ ನಿಮಿಷ ಮಾತ್ರ ಇದೆ, ಸೆಕೆಂಡು ಇಲ್ಲ. ಹನ್ನೆರಡು ಗಂಟೆ ಐವತ್ತೊಂಬತ್ತು ಸೆಕೆಂಡಾದರೂ ಅದಕ್ಕೆ ಹನ್ನೆರಡೇ. ರಾಹುಕಾಲ ಮುಗಿಯೋದು ಹನ್ನೆರಡು ಸೊನ್ನೆ ಸೊನ್ನೆಗೆ. ನಮಗೆ ಐವತ್ತೊಂಬತ್ತು ಸೆಕೆಂಡು ಸಿಗುತ್ತೆ. ಒಂದು ಕ್ಲಿಕ್ಕಿಗೆ ಎಷ್ಟು ಬೇಕು? ಅರ್ಧ ಸೆಕೆಂಡು."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಓದಿದ ಮನುಷ್ಯ ಇಷ್ಟು ಮೊಂಡನಾಗಲು ಸಾಧ್ಯವೇ ಎಂದು ಬೈಯಲು ಬಾಯಿ ತೆರೆದೆ. ಅವರು ಆ ಹೆಸರುಗಳನ್ನು ಐದನೆಯ ಸಲ ಓದುತ್ತಿದ್ದರು. ಬಾಯಿ ಮುಚ್ಚಿಕೊಂಡೆ. ಇಬ್ಬರೂ ಒಂದು ಗಂಟೆ ಇಪ್ಪತ್ತು ನಿಮಿಷ ಲ್ಯಾಪ್‌ಟಾಪನ್ನು ನೋಡುತ್ತ ಕೂತೆವು. ಯಾವುದನ್ನೂ ಮುಟ್ಟಬೇಡಿ, ಎಲ್ಲಾದರೂ ಅಳಿಸಿಹೋದೀತು ಎಂದು ನನ್ನ ಕೈಯನ್ನು ಮೇಜಿನಿಂದ ಕೆಳಗಿಡಿಸಿದ್ದರು.

ಸರಿಯಾಗಿ ಹನ್ನೆರಡಕ್ಕೆ ಒತ್ತಿದರು. ಬಹಳ ಹೊತ್ತು ಸುಮ್ಮನಿದ್ದಿರಿ, ನಿಮ್ಮ ಸುರಕ್ಷತೆಗಾಗಿ ನಿಮ್ಮನ್ನು ಹೊರಗೆ ಹಾಕಿದ್ದೇವೆ, ಮತ್ತೆ ಲಾಗಿನ್ ಆಗಿ ಎಂದಿತು ವೆಬ್‌ಸೈಟು. ಪಾಸ್‌ವರ್ಡು ಹಾಕಿದರು, ತಪ್ಪಾಯಿತು. ಮತ್ತೆ ಹಾಕಿದರು, ಸರಿಯಾಯಿತು. ನಿಮ್ಮ ಫೋನಿಗೆ ಆರು ಅಂಕಿ ಕಳಿಸಿದ್ದೇವೆ ಎಂದಿತು. ಫೋನು ಗ್ಯಾರೇಜಿನಲ್ಲಿ ಚಾರ್ಜಿಗಿತ್ತು. ಅರವತ್ತಮೂರು ವರ್ಷದ ರಘೋತ್ತಮರು ಹಾಗೆ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಓಡಿಬಂದು ಅಂಕಿ ಒತ್ತಿದಾಗ ಹನ್ನೆರಡೂ ಮೂರು. ಟ್ರೇಡಿನ ಅವಧಿ ಮುಗಿದಿದೆ ಎಂದು ಪರದೆಯ ಮೇಲೆ ಬಂತು, ಪಕ್ಕದಲ್ಲಿ ಒಂದು ನಗುವ ಪೆಂಗ್ವಿನ್ ಚಿತ್ರ.

ಅಷ್ಟರಲ್ಲಿ ರಮಾ ಪ್ರಸಾದದ ಡಬ್ಬಿ ಹಿಡಿದು ಒಳಗೆ ಬಂದರು. ನಮ್ಮ ಮುಖ ನೋಡಿ ಏನಾಯಿತೆಂದು ಕೇಳಿದರು. ನಾನು ಹೇಳಿದೆ. ಅವರು ಡಬ್ಬಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು.

"ರೀ, ಅದು ಮೈಸೂರಿನ ರಾಹುಕಾಲ ಕಣ್ರೀ. ಇಲ್ಲಿ ಸೂರ್ಯ ಹುಟ್ಟೋ ಹೊತ್ತೇ ಬೇರೆ ಅಲ್ವಾ? ದೇವಸ್ಥಾನದಲ್ಲಿ ಇಲ್ಲೀದು ಹಾಕಿದಾರೆ. ಇವತ್ತು ಹತ್ತೂ ಐವತ್ತನಾಲ್ಕಕ್ಕೆ ಶುರು, ಹನ್ನೆರಡೂ ಇಪ್ಪತ್ತೊಂದಕ್ಕೆ ಮುಗಿಯೋದು."

ಅಂದರೆ ಹತ್ತೂ ನಲವತ್ತಕ್ಕೆ ಬೆರಳಿಟ್ಟಾಗ ರಾಹು ಬಂದೇ ಇರಲಿಲ್ಲ. ಹನ್ನೆರಡಕ್ಕೆ ಇವರು ಒತ್ತಿದ್ದು ಅಸಲಿ ರಾಹುಕಾಲದಲ್ಲೇ. ನನಗೆ ನಗು ತಡೆಯಲಾಗಲಿಲ್ಲ, ತಡೆಯಲಾಗಲಿಲ್ಲವೆಂದು ನಾಚಿಕೆಯೂ ಆಯಿತು. ರಘೋತ್ತಮರು ಯಾರ ಮುಖವನ್ನೂ ನೋಡದೆ ಮಗಳಿಗೆ ಫೋನು ಮಾಡಿದರು. ಸ್ಪೀಕರು ಹಾಕಿ ಮೇಜಿನ ಮೇಲಿಟ್ಟರು, ಹಾಗಾಗಿ ನನಗೂ ಕೇಳಿಸಿತು.

ನಡೆದದ್ದನ್ನೆಲ್ಲ ಕೇಳಿ ಸಂಯುಕ್ತಾ ಜೋರಾಗಿ ನಕ್ಕಳು. ಆಮೇಲೆ ಇಂಗ್ಲಿಷಿನಲ್ಲಿ, ನೀನು ರಾಹುಕಾಲ ನಂಬುತ್ತೀಯಾ ಎಂದು ಕೇಳಿದಳು.

"ಇಲ್ಲ."

"ದೆನ್ ವೈ, ಅಪ್ಪಾ?"

"ಬೇರೆ ಯಾವುದಕ್ಕೂ ನೋಡ್ತಿರ್ಲಿಲ್ಲ ಪುಟ್ಟಿ. ನಿನ್ನ ವಿಷಯ ಅಂತ ನೋಡ್ದೆ."

ಮೀಟಿಂಗಿದೆ ಎಂದು ಅವಳು ಫೋನು ಇಟ್ಟಳು.

ಲೀಗಿನವರಿಗೆ ರಘೋತ್ತಮರು ಆರು ಪುಟದ ಮನವಿ ಬರೆದರು. ಸೂರ್ಯೋದಯದ ಪಟ್ಟಿಯನ್ನೂ ಲಗತ್ತಿಸಿದ್ದರು. ನಿಮ್ಮ ಧಾರ್ಮಿಕ ಭಾವನೆಗಳನ್ನು ಗೌರವಿಸುತ್ತೇವೆ, ಆದರೆ ನಿಯಮ ನಿಯಮವೇ ಎಂದು ಎರಡು ಸಾಲಿನ ಉತ್ತರ ಬಂತು. ನನಗೆ ಧಾರ್ಮಿಕ ಭಾವನೆಯೇ ಇಲ್ಲ ಎಂದು ಮತ್ತೆ ನಾಲ್ಕು ಪುಟ ಬರೆದರು. ಅದಕ್ಕೆ ಉತ್ತರ ಬರಲಿಲ್ಲ.

ಕೊನೆಯ ಮ್ಯಾಚು ಏಪ್ರಿಲಿನ ಕೊನೆಯ ಭಾನುವಾರ, ಜಗನ್‌ನ ತಂಡದ ಮೇಲೆ. ರಿಂಕಿನ ಒಂದೇ ಬದಿಗೆ ಎರಡೂ ತಂಡದ ಬೆಂಚು, ನಡುವೆ ಎದೆಮಟ್ಟದ ಹಲಗೆ. ನಾನೂ ರಘೋತ್ತಮರೂ ಈಚೆ ಬೆಂಚಿನ ಹಿಂದೆ ನಿಂತಿದ್ದೆವು. ಸಂಯುಕ್ತಾ ದೂರದ ಗೋಲಿನಲ್ಲಿ, ಮುಖವಾಡದೊಳಗೆ. ಬಾಸ್ಟನ್ನಿಗೆ ಟಿಕೆಟಾಗಿತ್ತು, ಮುಂದಿನ ಶನಿವಾರ.

ಆಟ ಶುರುವಾಗಿ ಐದು ನಿಮಿಷಕ್ಕೆ ಕಿರಣಕುಮಾರನಿಗೆ ಪಕ್ ಸಿಕ್ಕಿತು. ಎದುರಿಗೆ ಯಾರೂ ಇರಲಿಲ್ಲ. ಮಂಡಿಯನ್ನು ಕಾಪಾಡಿಕೊಂಡೇ ಅವನು ಗೋಲಿನತ್ತ ಜಾರಿಕೊಂಡು ಹೋದ. ನನ್ನ ಪಕ್ಕದಿಂದ ರಿಂಕು ನಡುಗುವಂಥ ದನಿ ಬಂತು.

"ಎಡಗಡೆ ಪುಟ್ಟಿ, ಎಡಗಡೆಗೆ ಹೊಡೀತಾನೆ."

ಸಂಯುಕ್ತಾ ಎಡಗಡೆಗೆ ಬಿದ್ದಳು, ಪಕ್ ಅವಳ ಕಾಲಿಗೆ ಬಡಿದು ಹೊರಗೆ ಹೋಯಿತು. ನಮ್ಮ ತಂಡದ ಉಳಿದವರಿಗೆ ಕನ್ನಡ ಬಾರದು. ಮ್ಯಾನೇಜರು ಹುರಿದುಂಬಿಸುತ್ತಿದ್ದಾರೆಂದು ತಿಳಿದು ಅವರೂ ಕೂಗಿದರು. ಹೀಗೆಯೇ ಇನ್ನೆರಡು ಸಲ ಆಯಿತು. ಮೂರನೆಯ ಸಲ ಕಿರಣಕುಮಾರ ನೇರ ಬೆಂಚಿಗೆ ಬಂದು ಹೆಲ್ಮೆಟ್ ತೆಗೆದ.

"ಸರ್, ನಾ ಯಾವ ಕಡೆ ಹೊಡಿತೀನಿ ಅಂತ ನಿಮ್ಮ ಮಗಳಿಗೆ ಹೇಳಾಕತ್ತೀರಿ."

"ತಪ್ಪಾಯ್ತು ಕಿರಣ್. ಬಾಯಿಂದ ಬಂದುಬಿಡುತ್ತೆ."

"ಯಾರ ಕಡೀಯವ್ರು ಸರ್ ನೀವು? ಅದೊಂದು ಹೇಳ್ರಿ ಸಾಕು."

ರಘೋತ್ತಮರು ಆ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡರು. ಆಟಗಾರರ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಎಲ್ಲರಿಗೂ ತಲೆಬಾಗಿ, ಬೆಂಚಿನ ಹಿಂದಿನ ಬಾಗಿಲಿನಿಂದ ಹೊರಗೆ ಹೋದರು. ಮನೆಗೆ ಹೋದರೇನೋ ಎಂದು ನನಗೆ ಗಾಬರಿಯಾಯಿತು. ಒಂದು ನಿಮಿಷಕ್ಕೆ ಹಲಗೆಯ ಆಚೆ, ಜಗನ್‌ನ ಬೆಂಚಿನ ಬಾಗಿಲಲ್ಲಿ ಕಂಡರು.

"ಟ್ರೇಡ್ ಟೈಮ್ ಮುಗಿದೋಯ್ತಲ್ಲ ಸಾರ್," ಎಂದ ಜಗನ್.

"ಅದು ಆಟಗಾರರಿಗೆ. ಮ್ಯಾನೇಜರಿಗೆ ಅನ್ವಯಿಸುತ್ತೆ ಅಂತ ರೂಲ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ. ಓದಿದೀನಿ."

"ನಿಮ್ಮ ಬದಲಿಗೆ ಅವರಿಗೆ ನಾನೇನ್ ಕೊಡ್ಲಿ?"

"ಏನೂ ಕೊಡಬೇಡ. ನನ್ನನ್ನ ಕಳಕೊಂಡ್ರೆ ಅವರಿಗೇ ಲಾಭ."

ಜಗನ್ ಸರಿದು ಜಾಗ ಬಿಟ್ಟ. ಮೊದಲ ಅವಧಿ ಮುಗಿದ ಸೀಟಿ ಕೇಳಿಸಿತು. ಎಲ್ಲರೂ ನೀರು ಕುಡಿಯಲು ಬೆಂಚಿಗೆ ಬಂದರು. ಸಂಯುಕ್ತಾ ಕೊನೆಯಲ್ಲಿ ಬಂದಳು. ಅಪ್ಪನನ್ನು ಅಲ್ಲಿ ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಮುಖವಾಡ ಎತ್ತಿ, ಆ ದಪ್ಪ ಪ್ಯಾಡುಗಳೊಡನೆ ಅವರ ಪಕ್ಕ ಕೂತಳು. ಇಬ್ಬರಿಗೆ ಸಾಲುವಷ್ಟು ಜಾಗ ಇರಲಿಲ್ಲ, ರಘೋತ್ತಮರು ಅರ್ಧ ಹೊರಗಿದ್ದರು.

ಕೂತದ್ದೇ ತಡ ಅವರು ಶುರುಮಾಡಿದರು. ಕಿರಣಕುಮಾರನ ಬಲಮಂಡಿ ಹೀಗೆ, ಆದ್ದರಿಂದ ಅವನು ತಿರುಗುವುದು ಹೀಗೆ, ಅಂಥವನನ್ನು ಮೊದಲು ಆರಿಸಿದ್ದು ತಪ್ಪು, ತಪ್ಪಿನ ಮೂಲ ಕಾರಣ ಏನೆಂದರೆ...

ಸಂಯುಕ್ತಾ ಒದ್ದೆಯಾದ ಗ್ಲೌಸನ್ನು ಅವರ ತೊಡೆಯ ಮೇಲಿಟ್ಟಳು.

"ಅಪ್ಪಾ, ಏನೂ ಹೇಳ್ಬೇಡ. ಸುಮ್ನೆ ಕೂತ್ಕೋ. ಎದ್ದು ಹೋಗ್ಬೇಡ."

ಹಲಗೆಯ ಈಚೆಗೆ, ಪಟ್ಟಿ ಹಿಡಿದು ನಿಂತಿದ್ದ ನನಗೆ ಅದು ಸ್ಪಷ್ಟವಾಗಿ ಕೇಳಿಸಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ರಘೋತ್ತಮರು ಮಾತನ್ನು ಅರ್ಧಕ್ಕೆ ನಿಲ್ಲಿಸಿದರು, ಮ್ಯಾಚು ಮುಗಿಯುವವರೆಗೂ ಬಾಯಿ ತೆರೆಯಲಿಲ್ಲ.